ಓದುಗರ ಸ್ಪಂದನ: 'ಆ ರಾಕ್ಷಸ ನಮ್ಮ ಅಪ್ಪನಾ ಚಿಕ್ಕಮ್ಮ?'

ಕಳೆದ ಸಂಚಿಕೆಯಲ್ಲಿ ತಿಪಟೂರು ಕಡೆಯ ಸೋದರಿಯೊಬ್ಬರು ಹೀಗೆ ಬರೆದಿದ್ದರು:

'ಅಕ್ಕನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಭಾವ ದಿನಾ ಕುಡಿಯುತ್ತಾರೆ. ಜಗಳ ಜಾಸ್ತಿಯಾದ ರಾತ್ರಿ ಅಕ್ಕ ಮಕ್ಕಳಿಬ್ಬರನ್ನೂ ನನ್ನ ಹತ್ತಿರ ಕಳಿಸುತ್ತಾಳೆ. ಹುಡುಗನಿಗೆ 9 ವರ್ಷ, ಹುಡುಗಿಗೆ 6. ಹುಡುಗ ಮಾತೇ ಆಡುವುದಿಲ್ಲ. ಹುಡುಗಿಗೆ ಮಲಗುವಾಗ ಕಥೆ ಬೇಕು. ಮೊನ್ನೆ ಒಂದು ರಾಕ್ಷಸನ ಕಥೆ ಹೇಳುತ್ತಿದ್ದೆ. ನಡುವೆಯೇ ಕೇಳಿದಳು, "ಆ ರಾಕ್ಷಸ ನಮ್ಮ ಅಪ್ಪನಾ ಚಿಕ್ಕಮ್ಮ?" ನನಗೆ ಗಂಟಲು ಕಟ್ಟಿತು. ಕಥೆ ಅಲ್ಲಿಗೇ ನಿಂತಿತು. ಅಕ್ಕನಿಗೆ ಹೇಳಿದರೆ, "ಮಕ್ಕಳಿಗೆ ಏನೂ ಗೊತ್ತಿಲ್ಲ, ನೀನೂ ಏನೂ ಹೇಳಬೇಡ" ಅನ್ನುತ್ತಾಳೆ. ಈ ಮಕ್ಕಳಿಗೆ ನಾನು ಯಾವ ಕಥೆ ಹೇಳಲಿ?'

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ನಮ್ಮಜ್ಜಿ ಹೇಳಿದ ಹೊಳೆಯ ಕಥೆ

ಅಕ್ಕಾ,

ನಿಮ್ಮ ಪತ್ರದಲ್ಲಿರುವ ಆ ಹುಡುಗಿಯಂತೆಯೇ ನಾನೂ ಬೆಳೆದವಳು. ಈಗ ಮೂವತ್ತು ದಾಟಿದೆ. ಮೊದಲು ನಿಮ್ಮ ಅಕ್ಕನ ಮಾತಿಗೆ ಉತ್ತರ ಹೇಳುತ್ತೇನೆ. ಮಕ್ಕಳಿಗೆ ಗೊತ್ತಿರುತ್ತದೆ. ಎಲ್ಲಾ ಗೊತ್ತಿರುತ್ತದೆ. ನಮ್ಮ ಮನೆ ಗೇಟಿಗೆ ಕಬ್ಬಿಣದ ಚಿಲಕ ಇತ್ತು. ಅಪ್ಪ ಅದನ್ನು ಒಂದೇ ಸಲಕ್ಕೆ ತೆಗೆದರೆ ಆ ರಾತ್ರಿ ನೆಮ್ಮದಿಯಾಗಿ ಊಟ. ಎರಡು ಮೂರು ಸಲ ತಡಕಾಡಿದರೆ ನಾನು ತಮ್ಮನನ್ನು ಎಬ್ಬಿಸಿ ಚಪ್ಪಲಿ ಹಾಕಿಸುತ್ತಿದ್ದೆ. ಅಮ್ಮ ಮಾತ್ರ ಪಕ್ಕದ ಮನೆಯವರಿಗೆ 'ಮಕ್ಕಳು ಆಗಲೇ ಮಲಗಿಬಿಡ್ತವೆ, ಅವಕ್ಕೇನೂ ತಿಳಿಯಲ್ಲ' ಅನ್ನುತ್ತಿದ್ದಳು.

ಅಪ್ಪ ಯಾಕೆ ಕುಡಿಯುತ್ತಾರೆ ಅನ್ನುವುದೊಂದೇ ನಮಗೆ ಗೊತ್ತಿರಲಿಲ್ಲ. ಯಾರೂ ಹೇಳದಿದ್ದರೆ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ಎರಡನೇ ಕ್ಲಾಸಿನಲ್ಲಿ ನಾನು ಕಂಪಾಸ್ ಬಾಕ್ಸ್ ಕಳೆದುಕೊಂಡ ದಿನವೇ ಅಪ್ಪ ತುಂಬಾ ಕುಡಿದು ಬಂದರು. ಅವತ್ತಿನಿಂದ ಅದು ನನ್ನಿಂದಲೇ ಅಂತ ನಂಬಿಬಿಟ್ಟೆ. ಪೆನ್ಸಿಲ್ ತುಂಡುಗಳನ್ನೂ ಎಣಿಸಿ ಇಡುತ್ತಿದ್ದೆ. ಏನೂ ಕಳೆಯಲಿಲ್ಲ. ಆದರೂ ಅಪ್ಪ ಕುಡಿದರು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಮ್ಮ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿದಳು. ಅಪ್ಪ ಪ್ಯಾಕೆಟ್ ಬಿಟ್ಟು ಬಾಟಲಿ ಹಿಡಿದರು. ಆಗಲೂ ನನ್ನದೇ ಏನೋ ತಪ್ಪಿರಬೇಕು ಅಂತ ಒಂದು ಕ್ಷಣ ಹುಡುಕಿದ್ದೆ. ಅಷ್ಟು ಆಳಕ್ಕೆ ಇಳಿದಿತ್ತು ಅದು.

ಅಮ್ಮನ ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಒಮ್ಮೆ ರಜೆಗೆ ಹೋದಾಗ ನನ್ನ ಈ ಎಣಿಕೆ ನೋಡಿ ಕಾರಣ ಕೇಳಿದರು. ನಾನು ಹೇಳಲಿಲ್ಲ. ಅವತ್ತು ರಾತ್ರಿ ಒಂದು ಕಥೆ ಹೇಳಿದರು. ನಮ್ಮದು ಹೇಮಾವತಿ ದಂಡೆಯ ಊರು. ಆ ಹೊಳೆಯನ್ನೇ ಇಟ್ಟುಕೊಂಡು ಅವರೇ ಕಟ್ಟಿದ ಕಥೆ ಅದು.

ಹೊಳೆ ದಂಡೆಯಲ್ಲಿ ಒಂದು ಕರು ಇತ್ತು. ಬೇಸಿಗೆಯಲ್ಲಿ ಹೊಳೆ ತಿಳಿಯಾಗಿರುತ್ತಿತ್ತು. ಕರು ನೀರಲ್ಲಿ ಕುಣಿಯುತ್ತಿತ್ತು. ಹೊಳೆ ಅದರ ಮೈ ತೊಳೆಯುತ್ತಿತ್ತು. ಒಂದು ದಿನ ಕರು ಆಟಕ್ಕೆ ಒಂದು ಕಲ್ಲನ್ನು ನೀರಿಗೆ ಉರುಳಿಸಿತು. ಅವತ್ತು ರಾತ್ರಿಯೇ ಹೊಳೆ ಕೆಂಪಾಗಿ ಉಕ್ಕಿ ಕೊಟ್ಟಿಗೆ ತನಕ ಬಂತು. ನಾನು ಕಲ್ಲು ಹಾಕಿದ್ದಕ್ಕೇ ಹೊಳೆಗೆ ಸಿಟ್ಟು ಬಂತು ಅಂದುಕೊಂಡಿತು ಕರು. ಮಾರನೇ ದಿನದಿಂದ ಅದು ಕಲ್ಲು ಮುಟ್ಟಲಿಲ್ಲ. ಕುಣಿಯಲಿಲ್ಲ. ಅಂಬಾ ಅನ್ನಲೂ ಇಲ್ಲ. ಆದರೂ ಹೊಳೆ ಉಕ್ಕಿತು. ದಂಡೆಯಲ್ಲಿ ನಿಂತು 'ಇಳಿ ಹೊಳೆಯಮ್ಮಾ ಇಳಿ' ಎಂದು ಅತ್ತಿತು. ಇಳಿಯಲಿಲ್ಲ. ಆಗ ಒಂದು ಮುದಿ ಎಮ್ಮೆ ಬಂದು ಹೇಳಿತು: 'ಮಗಾ, ಮಳೆ ಹೊಯ್ದಿರೋದು ಮೇಲೆ ಘಟ್ಟದಲ್ಲಿ. ನಿನ್ನ ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ನೀನು ಅತ್ತರೆ ನೀರು ಇಳಿಯಲ್ಲ. ಹೊಳೆ ಕೆಟ್ಟದ್ದಲ್ಲ. ಆದರೆ ಉಕ್ಕಿದಾಗ ಅದರ ಹತ್ತಿರ ನಿಲ್ಲಬಾರದು. ದಿಬ್ಬ ಎಲ್ಲಿದೆ ಅಂತ ತಿಳ್ಕೊಂಡಿರು, ಸಾಕು.'

ಅಜ್ಜಿ ಅಪ್ಪನ ಹೆಸರು ಎತ್ತಲಿಲ್ಲ. ಅರ್ಥ ಆಯ್ತಾ ಅಂತಲೂ ಕೇಳಲಿಲ್ಲ. ಎರಡು ದಿನ ಬಿಟ್ಟು ನಾನೇ ಕೇಳಿದೆ, 'ಅಜ್ಜಿ, ನಮ್ಮ ದಿಬ್ಬ ಯಾವುದು?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಹಿಂದಿನ ಮನೆಯ ಟೀಚರಮ್ಮ ಅಂದರು. ರಜೆ ಮುಗಿದಾಗ ನಮ್ಮ ಜೊತೆ ತಾವೂ ಬಸ್ಸು ಹತ್ತಿ ಬಂದು ಟೀಚರಮ್ಮನ ಹತ್ತಿರ ಮಾತಾಡಿ ಹೋದರು. ಆಮೇಲೆ ಚಿಲಕ ತಡಕಾಡುವ ಸದ್ದು ಕೇಳಿದರೆ ನಾನು ತಮ್ಮನ ಕಿವಿಯಲ್ಲಿ 'ಹೊಳೆ ಬಂತು' ಅನ್ನುತ್ತಿದ್ದೆ. ಇಬ್ಬರೂ ಹಿತ್ತಲ ಬಾಗಿಲಿಂದ ಅವರ ಮನೆಗೆ ಓಡುತ್ತಿದ್ದೆವು. ನಾವು ಬರಬಹುದು ಅಂತ ಅವರು ಹಿಂದಿನ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ.

ಹಾಗಾಗಿ ಪುಟ್ಟಿಗೆ ಧೈರ್ಯವಾಗಿ ಹೇಳಿ, ಅಪ್ಪ ರಾಕ್ಷಸ ಅಲ್ಲ ಅಂತ. ರಾಕ್ಷಸ ಬಂದರೆ ಕಥೆಯ ಕೊನೆಗೆ ಅವನು ಸಾಯಬೇಕಾಗುತ್ತದೆ. ಅಪ್ಪ ಸಾಯುವ ಕಥೆ ಕೇಳಿ ಯಾವ ಮಗು ಮಲಗೀತು? ನನ್ನಪ್ಪ ಬೆಳಗಿನ ಹೊತ್ತು ನನಗೆ ಜಡೆ ಹಾಕುತ್ತಿದ್ದರು, ಅಮ್ಮನಿಗಿಂತ ಚೆನ್ನಾಗಿ. ಆ ಅಪ್ಪನಿಗೂ ರಾತ್ರಿಯ ಅಪ್ಪನಿಗೂ ಜಾಗ ಇರುವ ಕಥೆ ಬೇಕು ಅಕ್ಕಾ. ಇನ್ನು ದಿಬ್ಬ ಅಂದರೆ ನಿಮ್ಮ ಮನೆಯೇ. ಅದನ್ನು ಮಾತ್ರ ಕಥೆಯಲ್ಲಿ ಸುತ್ತಿ ಹೇಳಬೇಡಿ. 'ಎಷ್ಟು ಹೊತ್ತಾದರೂ ಬನ್ನಿ, ಬಾಗಿಲು ತೆಗೀತೀನಿ' ಅಂತ ನೇರವಾಗಿ ಹೇಳಿ.

– ಸಕಲೇಶಪುರ ತಾಲ್ಲೂಕಿನ ಓದುಗಿ

'ನಾನು ಸರಿಯಾಗಿ ಅಳಲಿಲ್ಲ ಅನ್ಸುತ್ತೆ ಟೀಚರ್'

ನಮಸ್ಕಾರ ಮೇಡಂ. ನಾನು ಕೊಪ್ಪಳ ಜಿಲ್ಲೆಯಲ್ಲಿ ನಲಿ-ಕಲಿ ತರಗತಿಯ ಶಿಕ್ಷಕಿ. ಸಲಹೆ ಕೊಡುವ ಮೊದಲು ನನ್ನ ಒಂದು ತಪ್ಪು ಹೇಳಿಕೊಳ್ಳಬೇಕು.

ಹನ್ನೆರಡು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವಕ್ಕೆ ಕುಡಿತದ ಮೇಲೆ ಒಂದು ಚಿಕ್ಕ ನಾಟಕ ಮಾಡಿಸಿದ್ದೆ. ಕೊನೆಯಲ್ಲಿ ಮಗಳು ಅಪ್ಪನ ಕಾಲು ಹಿಡಿದು ಅಳುತ್ತಾಳೆ. ಅಪ್ಪ ಬಾಟಲಿ ಒಡೆದು ಮಗಳನ್ನು ಎತ್ತಿಕೊಳ್ಳುತ್ತಾನೆ. ಊರವರೆಲ್ಲಾ ಚಪ್ಪಾಳೆ ತಟ್ಟಿದರು. ಎಸ್‌ಡಿಎಂಸಿಯವರು ಶಾಲು ಹೊದಿಸಿದರು. ಎರಡು ದಿನ ಕಳೆದು ನಾಲ್ಕನೇ ತರಗತಿಯ ಹುಡುಗನೊಬ್ಬ ಕೈಗೆ ಬಟ್ಟೆ ಸುತ್ತಿಕೊಂಡು ಬಂದ. ಅವನೂ ಮನೆಯಲ್ಲಿ ಅಪ್ಪನ ಕಾಲು ಹಿಡಿದಿದ್ದ. ಅಪ್ಪ ಒದ್ದಿದ್ದ. ಹುಡುಗ ಹೊಸ್ತಿಲ ಮೇಲೆ ಬಿದ್ದು ಕೈಗೆ ಪೆಟ್ಟಾಗಿತ್ತು. ನಾನು ಬಟ್ಟೆ ಬಿಚ್ಚಿ ನೋಡುತ್ತಿದ್ದಾಗ ಮೆಲ್ಲಗೆ ಹೇಳಿದ, 'ನಾನು ಸರಿಯಾಗಿ ಅಳಲಿಲ್ಲ ಅನ್ಸುತ್ತೆ ಟೀಚರ್.'

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಮಗುವಿನ ಕಣ್ಣೀರಿಗೆ, ಮಾರ್ಕ್ಸಿಗೆ, ಒಳ್ಳೆಯತನಕ್ಕೆ ಕರಗಿ ಅಪ್ಪ ಕುಡಿತ ಬಿಡುವ ಕಥೆಗಳು ನಮ್ಮಲ್ಲಿ ತುಂಬಾ ಇವೆ. ದಯವಿಟ್ಟು ಅವನ್ನು ಹೇಳಬೇಡಿ. ಅಪ್ಪ ಬಿಡದಿದ್ದರೆ ಅದು ತನ್ನ ಸೋಲು ಅಂತ ಮಗು ತಿಳಿಯುತ್ತದೆ.

ಈಗ ನಾನು ಮಾಡುವುದು ಇಷ್ಟು. ಹಳೇ ಕಾಲುಚೀಲದಲ್ಲಿ ಹೊಲಿದ ಒಂದು ಮೊಲ ಇದೆ. ಅದಕ್ಕೆ ರಾತ್ರಿ ನಿದ್ದೆ ಬರುವುದಿಲ್ಲ. 'ಯಾಕೆ ಬರಲ್ಲ?' ಅಂತ ಮಕ್ಕಳನ್ನು ಕೇಳುತ್ತೇನೆ. ನನ್ನ ಹತ್ತಿರ ಬಾಯಿ ಬಿಡದ ಮಗು ಮೊಲದ ಕಿವಿಯಲ್ಲಿ ಹೇಳುತ್ತದೆ. 'ಅವರ ಮನೇಲಿ ತಟ್ಟೆ ಬಿಸಾಡ್ತಾರೆ' ಅಂದಿತ್ತು ಒಂದು ಮಗು. 'ಹೌದಾ, ಆಗ ಮೊಲ ಏನು ಮಾಡುತ್ತೆ?' ಅಂದೆ. 'ನಿಮ್ಮನೇಲೂ ಹಾಗೇನಾ?' ಅಂತ ಮಾತ್ರ ಕೇಳಲಿಲ್ಲ. ಕೇಳಿದ್ದರೆ ಮೊಲವೂ ಹೋಗುತ್ತಿತ್ತು, ಮಾತೂ ನಿಲ್ಲುತ್ತಿತ್ತು. ಇದನ್ನು ಒಬ್ಬೊಬ್ಬರ ಜೊತೆ, ಮೂಲೆಯಲ್ಲಿ ಕೂತು ಮಾಡುತ್ತೇನೆ. ಇಡೀ ತರಗತಿಯ ಮುಂದೆ ಎಂದೂ ಇಲ್ಲ.

ನಿಮ್ಮ ಪತ್ರದಲ್ಲಿ ಹುಡುಗಿಯ ಬಗ್ಗೆ ಜಾಸ್ತಿ ಇದೆ, ಹುಡುಗನ ಬಗ್ಗೆ ಒಂದೇ ಸಾಲು. ನನಗೆ ಚಿಂತೆ ಅವನದ್ದೇ. ಒಂಬತ್ತು ವರ್ಷದವನು 'ನನಗೂ ಕಥೆ ಬೇಕು' ಅಂತ ಕೇಳುವುದಿಲ್ಲ. ಗೋಡೆ ಕಡೆ ತಿರುಗಿ ಮಲಗಿರುತ್ತಾನೆ, ಆದರೆ ಒಂದು ಮಾತನ್ನೂ ಬಿಡದೆ ಕೇಳುತ್ತಿರುತ್ತಾನೆ. ತಂಗಿಗೆ ಹೇಳುವಾಗ ಅವನಿಗೂ ಕೇಳಿಸುವಷ್ಟು ದನಿ ಇರಲಿ. ಕಥೆಯಲ್ಲಿ ಒಬ್ಬ ಅಣ್ಣ ಬರಲಿ. ತಂಗಿಯನ್ನು ಕಾಯುತ್ತಾ ಕಾಯುತ್ತಾ ಸುಸ್ತಾದ ಅಣ್ಣ. ಅವನಿಗೆ ಯಾರೋ ದೊಡ್ಡವರು ಬಂದು 'ಇನ್ನು ನಾನು ನೋಡ್ಕೋತೀನಿ, ನೀನು ಹೋಗಿ ಆಡು' ಅನ್ನಲಿ. ಒಂದು ನೋಟ್‌ಬುಕ್, ಬಣ್ಣದ ಪೆನ್ಸಿಲ್ ಅವನ ಹಾಸಿಗೆ ಹತ್ತಿರ ಸುಮ್ನೆ ಇಡಿ. ಬರೆ ಅನ್ನಬೇಡಿ. ಹತ್ತಿರದ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಅವನೇ ಪುಸ್ತಕ ಆರಿಸಲಿ. ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇರುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ಮೊಬೈಲಿನಲ್ಲೇ ಉಚಿತವಾಗಿ ಓದಬಹುದು.

– ಶಿಕ್ಷಕಿ, ಕೊಪ್ಪಳ ಜಿಲ್ಲೆ

ಬಾಗಿಲಲ್ಲಿ ಕೂತ ಚಪ್ಪಲಿ

ತಂಗೀ, ನನಗೆ 72 ವರ್ಷ. ನನ್ನ ಮಾತು ಸ್ವಲ್ಪ ಬೇರೆ. ದಿನಾ ಕುಡಿತದ ಕಥೆ ಹೇಳಬ್ಯಾಡವಾ. ಮನೆಯಲ್ಲೂ ಅದೇ, ಕಥೆಯಲ್ಲೂ ಅದೇ ಆದರೆ ಕೂಸು ಎಲ್ಲಿಗೆ ಹೋಗಬೇಕು? ನಗಿಸುವ ಕಥೆ ಹೇಳಿ, ಇರುವೆ ಮದುವೆ, ಮಂಗನ ಬಜಾರು, ಏನಾದರೂ ಸರಿ. ಆದರೆ ದಿನಾ ಒಂದೇ ಹೊತ್ತಿಗೆ ಹೇಳಿ. ಆ ಮನೆಯಲ್ಲಿ ಊಟ ಯಾವಾಗ, ನಿದ್ದೆ ಯಾವಾಗ, ಒಂದಕ್ಕೂ ಖಾತ್ರಿ ಇಲ್ಲ. ರಾತ್ರಿ ಎಂಟೂವರೆಗೆ ಚಿಕ್ಕಮ್ಮನ ಕಥೆ ಅನ್ನುವುದಾದರೂ ಖಾತ್ರಿ ಇರಲಿ. ಅವರು ಬಾರದ ದಿನ ಫೋನಿನಲ್ಲಿ ಹೇಳಿ.

ನನಗೆ ಅನ್ನಿಸುವುದು, ಕಥೆ ಮೊದಲು ಬೇಕಾಗಿರುವುದು ನಿಮ್ಮ ಅಕ್ಕನಿಗೆ. ನಮ್ಮ ಕಡೆ ಹಳೇ ಕಥೆ ಒಂದಿದೆ. ಒಬ್ಬಾಕಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಕಟ್ಟಿದ ಕಥೆ ಒಂದು ದಿನ ಹೊರಗೆ ಜಿಗಿದು ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದವನೇ 'ಯಾರು ಬಂದಾರ?' ಅಂದ. ಆಕೆಗೆ ಗೊತ್ತಿದ್ದರೆ ತಾನೆ! ದೊಡ್ಡ ಜಗಳವಾಯಿತು. ಗಂಡ ಮುನಿಸಿಕೊಂಡು ಹನುಮಪ್ಪನ ಗುಡಿಯಲ್ಲಿ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಮಾತಾಡುವಾಗ ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು 'ಆ ಕಥೆ ಹೇಳು' ಅಂದರೆ ಆಕೆ 'ಯಾವ ಕಥೆ?' ಅಂದಳು. ಅಷ್ಟರಲ್ಲಿ ಅದು ಮರೆತೇ ಹೋಗಿತ್ತು.

ಅಕ್ಕನನ್ನು ಕೂರಿಸಿಕೊಂಡು ಇಷ್ಟು ಹೇಳಿ. 'ನೀನು ಮುಚ್ಚಿಡ್ತಿದ್ದೀ' ಅಂತ ಚುಚ್ಚಬೇಡಿ. ಕಥೆ ಮುಗಿಸಿ ಆಕೆಯ ತಲೆಗೆ ಒಂದಿಷ್ಟು ಎಣ್ಣೆ ಹಚ್ಚಿ. ಆಕೆ ತಾನೇ ಮಾತಾಡುತ್ತಾಳೆ.

– ಹಿರಿಯ ಓದುಗರು, ಧಾರವಾಡ

ಹೋರಾಟ ದೊಡ್ಡವರದ್ದು

1990ರ ದಶಕದ ಆರಂಭದಲ್ಲಿ ನಾನು ಬಳ್ಳಾರಿ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಸ್ವಯಂಸೇವಕನಾಗಿದ್ದೆ. ಆಗ ಆಂಧ್ರದ ನೆಲ್ಲೂರು ಜಿಲ್ಲೆಯ ಸುದ್ದಿ ನಮ್ಮ ತನಕ ಬಂದಿತ್ತು. ಅಲ್ಲಿ ಅಕ್ಷರ ಕಲಿಯುವ ಹೆಂಗಸರ ಪುಸ್ತಕದಲ್ಲಿ ಗಂಡನ ಕುಡಿತದಿಂದ ನೊಂದ ಒಬ್ಬ ಹೆಂಗಸಿನ ಕಥೆ ಇತ್ತು. ಓದಿದವರು 'ಇದು ನಮ್ಮದೇ ಕಥೆ' ಅಂದರು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸೇರಿ ಊರಿನ ಸಾರಾಯಿ ಮಾರಾಟ ನಿಲ್ಲಿಸಿದರು. ಅವರು ಮಾಡಿದ್ದೇ ಇನ್ನೊಂದು ಪಾಠವಾಗಿ ಬೇರೆ ಊರುಗಳಿಗೆ ಹೋಯಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು.

ಕಥೆಗೆ ಅಷ್ಟು ಬಲ ಇದೆ. ಅದನ್ನು ಕಣ್ಣಾರೆ ಕಂಡಂತೆ ನಂಬಿದವನು ನಾನು. ಆದರೆ ಅಲ್ಲಿ ಕೇಳಿದವರು ದೊಡ್ಡವರು, ಜೊತೆಗೆ ನೂರಾರು ಜನ ಇದ್ದರು. ನಿಮ್ಮ ಮನೆಯಲ್ಲಿ ಕೇಳುತ್ತಿರುವುದು 6 ವರ್ಷದ ಕೂಸು. ಅಪ್ಪನ ವಿರುದ್ಧ ನಿಲ್ಲುವ ಕಥೆಯನ್ನು ಆ ಮಕ್ಕಳ ಹೆಗಲಿಗೆ ಹಾಕಬೇಡಿ. ಆ ಕಥೆ ನೀವು, ನಿಮ್ಮ ಅಕ್ಕ, ನಿಮ್ಮ ಬೀದಿಯ ಹೆಂಗಸರು ಸೇರಿ ಓದಬೇಕಾದದ್ದು.

– ನಿವೃತ್ತ ಶಿಕ್ಷಕರು, ಬಳ್ಳಾರಿ

ಕಥೆಯ ಜೊತೆಗೆ ಇದೂ ಬೇಕು

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕ. ನೇರವಾಗಿ ಹೇಳುತ್ತೇನೆ. ಕಥೆಯಿಂದ ಮಗುವಿನ ಎದೆ ಹಗುರಾಗುತ್ತದೆ. ಅದು ಏಟು ತಪ್ಪಿಸುವುದಿಲ್ಲ. ಮಕ್ಕಳ ಮೇಲೆ ಕೈ ಮಾಡುತ್ತಿದ್ದರೆ, ಅಥವಾ ಮನೆಗೆ ಬರುವ ಕುಡುಕ ಗೆಳೆಯರು ಯಾರಾದರೂ ಮಕ್ಕಳನ್ನು ಮುಟ್ಟಬಾರದ ರೀತಿ ಮುಟ್ಟಿದ್ದರೆ, ಕಥೆಗೆ ಕಾಯಬೇಡಿ. 1098ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ಹಣ ಬೇಡ. ಈ ನಂಬರನ್ನು ಹುಡುಗನಿಗೂ ಬಾಯಿಪಾಠ ಮಾಡಿಸಿ. ತುರ್ತು ಆದರೆ 112.

ಕಥೆ ಕೇಳುತ್ತಾ ಮಗು ಇದ್ದಕ್ಕಿದ್ದಂತೆ ಮನೆಯ ಮಾತು ಹೇಳಬಹುದು. ಆಗ ಗಾಬರಿ ತೋರಿಸಬೇಡಿ. 'ಹೇಳಿದ್ದು ಒಳ್ಳೇದಾಯ್ತು ಪುಟ್ಟಿ, ಇದರಲ್ಲಿ ನಿಂದೇನೂ ತಪ್ಪಿಲ್ಲ' ಅನ್ನಿ. 'ಯಾರಿಗೂ ಹೇಳಲ್ಲ' ಎಂದು ಮಾತ್ರ ಮಾತು ಕೊಡಬೇಡಿ. ಹೇಳಬೇಕಾಗಿ ಬರಬಹುದು. ಕುಡಿತ ಒಂದು ಕಾಯಿಲೆ, ಅದಕ್ಕೆ ಡಾಕ್ಟರು ಇದ್ದಾರೆ ಎಂದು 6 ವರ್ಷದವಳಿಗೂ ಹೇಳಬಹುದು. ಕಾಯಿಲೆ ಇದ್ದರೂ ಹೊಡೆಯುವುದು ತಪ್ಪು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿ.

ಭಾವನವರ ಬಗ್ಗೆ ಎರಡು ಎಚ್ಚರಿಕೆ. 'ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ' ಎಂದು ಮಾರುವ ಪುಡಿ, ಮಾತ್ರೆಗಳನ್ನು ಮುಟ್ಟಬೇಡಿ. ಕೆಲವು ಔಷಧಗಳ ಮೇಲೆ ಕುಡಿದರೆ ವಾಂತಿಯಾಗಿ, ಬಿಪಿ ಇಳಿದು ಜೀವಕ್ಕೇ ಅಪಾಯವಾಗುತ್ತದೆ. ಈ ಬೆರೆಸುವ ಕೆಲಸವನ್ನು ಮಕ್ಕಳ ಕೈಯಲ್ಲಿ ಮಾಡಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಇನ್ನೊಂದು, ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಲು ಶುರುವಾಗಬಹುದು. ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿ ಹಾಕುವ ವಿಷಯ ಅಲ್ಲ ಇದು. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಮಾಡಬಹುದು, ನಿಮ್ಮ ಅಕ್ಕನೂ ಮಾಡಬಹುದು.

– ಆಪ್ತ ಸಮಾಲೋಚಕ, ಮಂಡ್ಯ ಜಿಲ್ಲೆ

ನಾನು ಆ ಅಪ್ಪ

ತಂಗೀ, ನಿಮ್ಮ ಭಾವ ಇರುವ ಜಾಗದಲ್ಲಿ ನಾನಿದ್ದೆ. ಕುಡಿತ ಬಿಟ್ಟು ಆರು ವರ್ಷ ಆಯಿತು. ಒಂದೇ ಸಲಕ್ಕೆ ಬಿಡಲಿಲ್ಲ. ಊರಿನಲ್ಲಿ ನಡೆದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದೆ. ನಾಲ್ಕು ತಿಂಗಳು ಸರಿ ಇದ್ದೆ. ಮತ್ತೆ ಕುಡಿದೆ. ಆಮೇಲೆ ಆಸ್ಪತ್ರೆ ಸೇರಿದೆ. ಈಗ ವಾರಕ್ಕೊಮ್ಮೆ ನನ್ನಂಥವರ ಜೊತೆ ಕೂರುತ್ತೇನೆ. ಆದ್ದರಿಂದ 'ಅಪ್ಪ ಕುಡಿತ ಬಿಟ್ಟ, ಎಲ್ಲರೂ ಸುಖವಾಗಿದ್ದರು' ಎಂದು ಕಥೆ ಮುಗಿಸಬೇಡಿ. ಆ ನಾಲ್ಕು ತಿಂಗಳ ನಂತರ ನನ್ನ ಮಗಳ ಮುಖ ಹೇಗಿತ್ತು ಅಂತ ನನ್ನ ಹೆಂಡತಿಯನ್ನು ಕೇಳಬೇಕು ನೀವು.

ಇನ್ನೊಂದು ಮಾತು. 'ಅಪ್ಪನಿಗೆ ನಿಮ್ಮ ಮೇಲೆ ತುಂಬಾ ಪ್ರೀತಿ ಇದೆ' ಎಂದು ಅವನ ಪರವಾಗಿ ನೀವು ಹೇಳಬೇಡಿ. ಅದನ್ನು ಹೇಳಬೇಕಾದವನು ಅವನು. ಅವನಿಗೆ ಆ ಬಾಯಿ ಬರುವ ತನಕ, ಮಕ್ಕಳದು ತಪ್ಪಿಲ್ಲ ಎಂಬುದಷ್ಟನ್ನೇ ಹೇಳಿ.

ನಾನು ಬಿಟ್ಟು ಒಂದು ವರ್ಷ ಆದ ಮೇಲೆ ಮಗಳನ್ನು ಕೂರಿಸಿಕೊಂಡು ನನ್ನ ಕಥೆಯನ್ನು ನಾನೇ ಹೇಳಿದೆ. ಮೊದಲ ಸಲ ಯಾರ ಜೊತೆ ಕುಡಿದೆ, ಹೇಗೆ ಜಾಸ್ತಿಯಾಯಿತು, ಎಷ್ಟು ಸಲ ಸುಳ್ಳು ಹೇಳಿದೆ. ಅವಳಿಗೆ ಆಗ ಹತ್ತು ವರ್ಷ. ಎಲ್ಲಾ ಕೇಳಿ ಕೊನೆಗೆ ಹೇಳಿದಳು, 'ಹಾಗಾದ್ರೆ ಅವತ್ತು ನಾನು ಹಾಲು ಚೆಲ್ಲಿದ್ದಕ್ಕೆ ಅಲ್ವಾ?'

ಯಾವತ್ತು ಹಾಲು ಚೆಲ್ಲಿದಳು, ನಾನು ಏನು ಮಾಡಿದೆ, ನನಗೆ ನೆನಪೇ ಇಲ್ಲ. ಅವಳು ಅಷ್ಟು ವರ್ಷ ಅದನ್ನು ಹೊತ್ತುಕೊಂಡಿದ್ದಳು.

ಈಗ ಅವಳು ಹೈಸ್ಕೂಲು. ಇವತ್ತಿಗೂ ಸಂಜೆ ನನ್ನ ಬೈಕಿನ ಸದ್ದು ಕೇಳಿದರೆ ಪುಸ್ತಕದಿಂದ ತಲೆ ಎತ್ತುತ್ತಾಳಂತೆ, ಹೆಂಡತಿ ಹೇಳಿದಳು. ಅದಕ್ಕೇ ನಾನು ರಸ್ತೆಯ ತಿರುವಿನಲ್ಲೇ ಎರಡು ಸಲ ಹಾರನ್ ಹೊಡೆಯುತ್ತೇನೆ. ಕುಡಿಯುತ್ತಿದ್ದಾಗ ಹಾಗೆ ಮಾಡುತ್ತಿರಲಿಲ್ಲ. ಅವಳಿಗೆ ಅದು ಗೊತ್ತು.

– ಒಬ್ಬ ತಂದೆ, ಬೆಳ್ತಂಗಡಿ ತಾಲ್ಲೂಕು